ಚೀಲ ತೆಗೆಸಬೇಕು ಎಂದರು

ತರಗತಿಯಲ್ಲಿ ಕುರ್ಚಿಯ ಮೇಲೆ ಕೂರುವುದನ್ನು ನಾನು ಬಿಟ್ಟುಬಿಟ್ಟಿದ್ದೆ. ಪುಣೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಮೂರನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳೇ ಹೆಚ್ಚು; ನಡುನಡುವೆ ಹೋಟೆಲು ನಡೆಸುವ ಉಡುಪಿ ಕಡೆಯವರ ಮಕ್ಕಳು ನಾಲ್ಕಾರು. ಕೂತರೆ, ಏಳುವಾಗ ಕುರ್ಚಿಯಲ್ಲಿ ಏನು ಕಾಣುತ್ತದೋ ಎಂಬ ಹೆದರಿಕೆಗೆ ಗೋಡೆಗೆ ಬೆನ್ನು ಕೊಟ್ಟು ನಿಂತೇ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಬರೆಯುವಾಗಲೂ ಅಡ್ಡಡ್ಡ ನಿಂತು, ಒಂದು ಹೆಗಲು ಮಕ್ಕಳ ಕಡೆಗಿಟ್ಟುಕೊಂಡೇ ಬರೆಯುತ್ತಿದ್ದೆ. ಕಪಾಟಿನಲ್ಲಿದ್ದ ತಿಳಿಬಣ್ಣದ ಸೀರೆಗಳು ಹಾಗೇ ಮಡಿಚಿಟ್ಟಲ್ಲೇ ಉಳಿದವು. ಕಪ್ಪು, ಕಡುನೀಲಿ, ಕಂದುಗೆಂಪು, ಇವೇ ತಿರುತಿರುಗಿ ಮೈಮೇಲೆ ಬರುತ್ತಿದ್ದವು.

ಆದರೂ ಒಂದು ದಿನ ಸಿಕ್ಕಿಬಿದ್ದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ವರಾಂಡದಲ್ಲಿ ನಡೆದು ಹೋಗುತ್ತಿದ್ದಾಗ ಶಾಲೆಯ ಆಯಾ ಹಿಂದಿನಿಂದ ಓಡಿ ಬಂದು ನನ್ನ ಸೆರಗನ್ನು ಎಳೆದು ಸೊಂಟದ ಸುತ್ತ ಹೊದಿಸಿದಳು. "ಬಾಯಿ, ಮಾಗೆ ಬಘಾ," ಎಂದು ಪಿಸುಗುಟ್ಟಿದಳು. ಹಿಂದೆ ನೋಡಿಕೊಳ್ಳಿ ಎಂದು. ನಾನು ನನ್ನ ಸೀರೆ ನೋಡಿಕೊಳ್ಳಲಿಲ್ಲ. ನಡೆದು ಬಂದ ಹಾದಿ ನೋಡಿದೆ. ತಿಳಿಬೂದು ಫರಸಿಯ ನೆಲದ ಮೇಲೆ ಹನಿ, ಹನಿ, ಹನಿ. ಆಕೆ ಏನೂ ಕೇಳದೆ ಫಿನೈಲಿನ ಬಟ್ಟೆ ತಂದು ಮಕ್ಕಳು ಬರುವುದರೊಳಗೆ ಒರೆಸಿಬಿಟ್ಟಳು. ಆಮೇಲೆ ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ನನಗೆ ಹೇಳಲಾಗಲಿಲ್ಲ. ಎಲ್ಲಿ ಶುರುವಾಗಿತ್ತು, ನಡುವೆ ಎಂದಾದರೂ ನಿಂತಿತ್ತೋ, ಲೆಕ್ಕ ತಪ್ಪಿಹೋಗಿತ್ತು.

ನನಗಾಗ ನಲವತ್ತಮೂರು. ಮುಟ್ಟು ಒಂದು ವರ್ಷದಿಂದ ಹಳಿ ತಪ್ಪಿತ್ತು. ಒಮ್ಮೆ ಎರಡು ತಿಂಗಳು ಸುದ್ದಿಯೇ ಇರುತ್ತಿರಲಿಲ್ಲ. ಬಂದರೆ ನಿಲ್ಲುವ ಮಾತೇ ಇಲ್ಲ. ಬಚ್ಚಲಲ್ಲಿ ಕೂತರೆ ಕರುಳಿನ ತುಂಡಿನಂಥ ಗಡ್ಡೆಗಳು ಬಳಬಳ ಜಾರುತ್ತಿದ್ದವು. ಜೊತೆಯ ಶಿಕ್ಷಕಿಯೊಬ್ಬರಿಗೆ ಬಾಯಿಬಿಟ್ಟು ಹೇಳಿದಾಗ ಅವರು ನಕ್ಕು, "ನಿಲ್ಲೂ ವಯಸ್ಸು ಬಂತಲ್ರಿ, ಹಂಗs ಆಗ್ತದ. ನಂದೂ ಹಂಗs ಆಗಿತ್ತು," ಅಂದರು. ಆ ಮಾತು ನನಗೆ ಬೇಕಾಗಿತ್ತು. ಅದನ್ನೇ ಹಿಡಿದುಕೊಂಡು ದಿನ ದೂಡಿದೆ.

ಹಿಡಿದುಕೊಳ್ಳಲು ಕಾರಣ ನಮ್ಮವ್ವ. ನಾನು ನಾಲ್ಕನೇ ಇಯತ್ತೆ ಓದುವಾಗ ಅವ್ವ ಸತ್ತಳು. ನಮ್ಮೂರು ಕಲಬುರಗಿ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಅವ್ವನಿಗೆ ಏನಾಯಿತು ಎಂದು ಯಾರೂ ಹೆಸರಿಟ್ಟು ಹೇಳಲಿಲ್ಲ. "ರಗತ ಹರದು ಹ್ವಾದ್ಳು" ಎಂದಷ್ಟೇ ಹೇಳಿದರು. ದನದ ಕೊಟ್ಟಿಗೆಯ ಪಕ್ಕ ತಟ್ಟಿ ಕಟ್ಟಿ ಅವಳನ್ನು ಅಲ್ಲಿ ಮಲಗಿಸಿದ್ದರು. ಒಗೆದಷ್ಟೂ ಕಲೆ ಬಿಡದ ಹಳೇ ಸೀರೆಯ ತುಂಡುಗಳು ಬೇಲಿಯ ಮೇಲೆ ಒಣಗುತ್ತಿದ್ದವು. ಅಲ್ಲಿಂದ ಒಂದು ವಾಸನೆ ಬರುತ್ತಿತ್ತು. ಅವ್ವನ ಮೈಯಿಂದ ಅಂಥ ವಾಸನೆ ಬರಬಾರದಿತ್ತು ಎಂದು ನನಗೆ ಸಿಟ್ಟು ಬರುತ್ತಿತ್ತು. ನಾನು ಒಳಗೆ ಹೋಗಲು ನೋಡಿದಾಗೆಲ್ಲ ಅಕ್ಕ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳಾದ ಅಕ್ಕನಿಗೆ ಒಳಗಿದ್ದುದೆಲ್ಲ ಗೊತ್ತಿತ್ತು. ಆ ಬಟ್ಟೆ ಒಗೆಯುತ್ತಿದ್ದವಳು ಅವಳೇ.

ಹೀಗಾಗಿ ರಕ್ತ ಕಂಡರೆ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಯಾರಾದರೂ ಅದರ ಹೆಸರು ಹೇಳಿಬಿಟ್ಟಾರು ಎಂಬುದೇ ಹೆದರಿಕೆ. ಡಾಕ್ಟರ ಬಳಿ ಹೋದರೆ ಹೆಸರು ಹೇಳುತ್ತಾರೆ. ಹೋಗದಿದ್ದರೆ ಅದು ಬರೀ ಮುಟ್ಟು.

ನಾವಿರುವುದು ಪುಣೆಯಂಚಿನ ನಿಗಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಯಜಮಾನರು ಹತ್ತಿರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದಾರೆ. ಒಬ್ಬಳೇ ಮಗಳು, ಕಾಲೇಜು ಓದುತ್ತಿದ್ದಳು. ಆ ದಿನಗಳಲ್ಲಿ ನಾನು ಮನೆಯ ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು, ಯಾರಾದರೂ ಬಂದರೆ ಪರ್ಸಿನಲ್ಲಿ ಕೀಲಿಕೈ ಹುಡುಕುವವಳಂತೆ ನಟಿಸುತ್ತಿದ್ದೆ. ಕಿವಿಯಲ್ಲಿ ನನ್ನದೇ ಎದೆಬಡಿತ ಢಬಢಬ ಕೇಳುತ್ತಿತ್ತು. ಮಗಳು ಒಮ್ಮೆ ನನ್ನ ಉಗುರು ನೋಡಿ, "ಅಮ್ಮ, ಸುಣ್ಣ ಬಳದಂಗ ಆಗ್ಯಾವ," ಅಂದಳು. ಪಾತ್ರೆ ತೊಳೆದು ತೊಳೆದು ಹಾಗಾಗಿವೆ ಎಂದೆ.

ಯಜಮಾನರು ಮಾತ್ರ ಬಿಡಲಿಲ್ಲ. "ನಾಳೆ ಡಾಕ್ಟರ್ ಕಡೆ ಹೋಗೂಣು ನಡಿ," ಎಂದು ದಿನಾ ಹೇಳುತ್ತಿದ್ದರು.

"ಇದೊಂದ್ ಸಲ ನಿಂತ್ರ ಮುಗೀತ್ರಿ. ಸುಮ್ನಿರ್ರಿ," ಎಂದು ದಿನಾ ಹೇಳುತ್ತಿದ್ದೆ.

ಕೊನೆಗೆ ನನ್ನ ಮೈಯೇ ಹಟ ಬಿಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಯಜಮಾನರ ಜೊತೆ ತರಕಾರಿ ಮಂಡಿಗೆ ಹೋಗಿ ಮೆಂತ್ಯೆಸೊಪ್ಪು ಆರಿಸುತ್ತಿದ್ದೆ. ಕಣ್ಣ ಮುಂದೆ ಕರಿ ಚುಕ್ಕೆ ಆಡಿದವು, ಮಾರುವವಳ ಮಾತು ದೂರ ಸರಿಯಿತು. ಎಚ್ಚರಾದಾಗ ಗೋಣಿಚೀಲದ ಮೇಲೆ ಮಲಗಿದ್ದೆ, ಯಾರೋ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು, ಯಜಮಾನರು ನನ್ನ ಕಾಲಿನ ಮೇಲೆ ತಮ್ಮ ಅಂಗಿ ಬಿಚ್ಚಿ ಹೊದಿಸಿ ಬರೀ ಬನಿಯನ್ನಿನಲ್ಲಿ ಕೂತಿದ್ದರು. ಜನರ ನಡುವೆ ಅವರು ಎಂದೂ ಹಾಗೆ ಕೂತವರಲ್ಲ. ಅವರ ಮುಖ ನೋಡಿದ ಮೇಲೆ ನಾನು ಬೇಡ ಎನ್ನಲಿಲ್ಲ.

ಅಂದೇ ಮನೆಯ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿನ ಡಾಕ್ಟರು ಹೊಟ್ಟೆಯ ಸೋನೋಗ್ರಫಿ ಮಾಡಿಸಿದರು. ಪಟ ಕೈಗೆ ಬಂದ ಮೇಲೆ ಅದನ್ನು ದೀಪಕ್ಕೆ ಹಿಡಿದು ನೋಡಿದರೇ ಹೊರತು ನನ್ನ ಮುಖ ನೋಡಲಿಲ್ಲ.

"ಪಿಶವಿ ಖರಾಬ್ ಝಾಲಿ ಆಹೆ," ಅಂದರು. ಪಿಶವಿ ಎಂದರೆ ಮರಾಠಿಯಲ್ಲಿ ಚೀಲ. ನಮ್ಮ ಕಡೆಯವರೂ ಗರ್ಭಕೋಶಕ್ಕೆ ಚೀಲ ಎಂದೇ ಅನ್ನುವುದು. ಚೀಲ ಕೆಟ್ಟಿದೆ, ತೆಗೆಯಬೇಕು. ಮಕ್ಕಳೆಷ್ಟು ಎಂದರು. ಒಬ್ಬಳು ಎಂದೆ. ಇನ್ನು ಹಡೆಯುವುದಿದೆಯೇ ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಹಾಗಾದರೆ ಅದನ್ನಿಟ್ಟುಕೊಂಡು ಏನು ಮಾಡುತ್ತೀರಿ? ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. ಈ ವಾರವೇ ಬಂದುಬಿಡಿ."

ಹೆಸರು ಹೇಳಿಬಿಟ್ಟರು. ಇಷ್ಟು ದಿನ ನಾನು ಬಾಗಿಲಿಗೆ ಬೆನ್ನು ಕೊಟ್ಟು ತಡೆದು ನಿಂತಿದ್ದ ಮಾತು ಅದು. ಯಜಮಾನರು ಏನೋ ಕೇಳುತ್ತಿದ್ದರು, ಡಾಕ್ಟರು ಏನೋ ಹೇಳುತ್ತಿದ್ದರು, ನನಗೆ ಮಾತ್ರ ಮೂಗಿನಲ್ಲಿ ಆ ಹಳೆಯ ತಟ್ಟಿಯ ವಾಸನೆ. ಇಲ್ಲೂ ಬರುತ್ತಿದೆಯೇ, ನನ್ನಿಂದಲೇ ಬರುತ್ತಿದೆಯೇ, ಇವರಿಬ್ಬರಿಗೂ ಗೊತ್ತಾಗುತ್ತಿದೆಯೇ ಎಂದು ಸೆರಗು ಬಿಗಿದು ಕೂತೆ. ರಿಕ್ಷಾದಲ್ಲಿ ಮನೆಗೆ ಬರುವಾಗ ಯಜಮಾನರಿಂದ ದೂರ, ಅಂಚಿಗೆ ಸರಿದು ಕೂತೆ. ಅವರು ಅದನ್ನು ಬೇರೆ ಅರ್ಥ ಮಾಡಿಕೊಂಡರೋ ಏನೋ, ಕೈ ಚಾಚಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆವು. ಅಕ್ಕ ಪುಣೆಯಲ್ಲೇ ಇದ್ದಳು, ವಿಮಾನ ನಗರದ ಕಡೆ ಏಳುತ್ತಿದ್ದ ದೊಡ್ಡ ಕಟ್ಟಡವೊಂದರ ಪಕ್ಕದ ತಗಡಿನ ಖೋಲಿಯಲ್ಲಿ. ಅವ್ವ ಹೋದ ಮೇಲೆ ಅಪ್ಪನ ಜೊತೆ ಇಲ್ಲಿಗೆ ಬಂದು ಇಟ್ಟಿಗೆ ಹೊತ್ತವಳು ಅವಳು. ಆ ಕೂಲಿಯಲ್ಲೇ ನಾನು ಹಾಸ್ಟೆಲ್ಲಿನಲ್ಲಿದ್ದು ಓದಿ ಶಿಕ್ಷಕಿಯಾದೆ. ಮದುವೆಯಾದ ಮೇಲೂ ಗಂಡನ ಜೊತೆ ಅದೇ ಕೆಲಸ ಮಾಡಿದಳು. ಅವಳಿಗೆ ಒಬ್ಬನೇ ಮಗ. ಅವನೀಗ ಟೆಂಪೋ ಓಡಿಸುತ್ತಾನೆ.

ಎರಡು ಬಸ್ಸು ಬದಲಿಸಿ ಸಂಜೆಗೆ ಬಂದಳು. ಎಲ್ಲ ಕೇಳಿಸಿಕೊಂಡು, "ಇಷ್ಟs ಅಲ್ಲೇನು? ತಗಸಿಬಿಡು," ಅಂದಳು.

"ಅಂಜಿಕಿ ಬರ್ತದ ಅಕ್ಕ."

"ಏನ್ ಅಂಜಿಕಿ? ನಂದು ತಗಸಿಲ್ಲೇನು? ನಮ್ಮ ಓಣ್ಯಾಗ ಯಾರದು ಉಳದದ ಹೇಳು. ಹರೇದಾಕಿ ಇದ್ದಾಗs ತಗಸ್ದೆ. ತಿಂಗಳಾ ತಿಂಗಳಾ ಬ್ಯಾನಿ ಇಲ್ಲ, ಬಟ್ಟಿ ಇಲ್ಲ, ಕೆಲಸ ತಪ್ಪೂದಿಲ್ಲ. ಅವ್ವನಂಗ ಆಗೂದಕ್ಕಿಂತ ಅದು ಛಲೋ ಅಲ್ಲೇನು?"

ಅವ್ವನ ಮಾತು ನಾವಿಬ್ಬರೂ ಆಡಿ ಎಷ್ಟೋ ವರ್ಷವಾಗಿತ್ತು. ಡಿಸೆಂಬರಿನ ಚಳಿ, ನಾನು ಶಾಲು ಹೊದ್ದಿದ್ದೆ. ಅಕ್ಕನ ಮುಖ ಮಾತ್ರ ಇದ್ದಕ್ಕಿದ್ದಂತೆ ಕೆಂಪೇರಿ, ಕುತ್ತಿಗೆಯಿಂದ ಬೆವರು ಇಳಿಯಿತು. ಸೆರಗಿನಿಂದ ಗಾಳಿ ಹಾಕಿಕೊಂಡಳು. ಇದು ಅವಳಿಗೆ ಬಹಳ ವರ್ಷದಿಂದ ಇತ್ತು. ಮೈಯಲ್ಲಿ ಉಷ್ಣ ಎನ್ನುತ್ತಿದ್ದಳು. ನೆಲದಿಂದ ಏಳುವಾಗ ಎರಡೂ ಕೈ ಊರಿ, "ಅಯ್ಯೋ ಮೈಲಾರಲಿಂಗ" ಎಂದು ಏಳುತ್ತಿದ್ದಳು. ಇಟ್ಟಿಗೆ ಹೊತ್ತ ಸೊಂಟ ಎಂದುಕೊಂಡಿದ್ದೆವು. ನಲವತ್ತೆಂಟಕ್ಕೆ ಅವಳನ್ನು ನೋಡಿದವರು ನನ್ನ ತಾಯಿ ಎಂದು ತಿಳಿಯುತ್ತಿದ್ದರು.

ಆಪರೇಷನ್ನಿಗೆ ಒಪ್ಪಿ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ ಆಗದೆಂದು ಕೈಯಾಡಿಸಿದರು. ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಆರೂ ಇಲ್ಲ. ಈಕೆಗೆ ಅರಿವಳಿಕೆ ಕೊಡಲಾರೆ, ಮೊದಲು ರಕ್ತ ಏರಿಸಿಕೊಂಡು ಬನ್ನಿ, ಅದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಿ ಅಂದರು. ಹೀಗೆ ನಾವು ಸರ್ಕಾರದ ದೊಡ್ಡ ಆಸ್ಪತ್ರೆಗೆ ಹೋದದ್ದು. ಅಲ್ಲಿ ಯಾರಾದರೂ ಬೇರೆ ಮಾತು ಹೇಳಿಯಾರು ಎಂಬ ಎಣಿಕೆ ನಮಗೆ ಯಾರಿಗೂ ಇರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಮಲಗಿಸಿ, ರಕ್ತ ನಿಲ್ಲುವ ಇಂಜೆಕ್ಷನ್ ಕೊಟ್ಟು, ತೋಳಿಗೆ ಸೂಜಿ ಚುಚ್ಚಿ ಯಾರದೋ ರಕ್ತ ಹಚ್ಚಿದರು. ತಲೆಯ ಮೇಲೆ ತೂಗುವ ಆ ಚೀಲದಿಂದ ಒಂದೊಂದೇ ಹನಿ ಕೆಳಗಿಳಿಯುವುದನ್ನು ನೋಡುತ್ತ, ಒಳಗೆ ಬಂದಷ್ಟೂ ಹೊರಗೆ ಹೋಗಿಬಿಡುತ್ತದೆ, ಇವರು ಸೋರುವ ಕೊಡಕ್ಕೆ ನೀರು ಹೊಯ್ಯುತ್ತಿದ್ದಾರೆ ಎನ್ನಿಸಿತು. ಎದುರಿನ ಮಂಚದಲ್ಲಿ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಕಡೆಯಿಂದ ಏನಾದರೂ ವಾಸನೆ ಬರುತ್ತದೆಯೇ ಎಂದು ಮೂಗು ತಾನಾಗಿ ಹುಡುಕುತ್ತಿತ್ತು. ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು.

ಮಾರನೆಯ ದಿನ ಬೆಳಗಿನ ರೌಂಡ್ಸಿಗೆ ಒಬ್ಬ ಲೇಡಿ ಡಾಕ್ಟರ್ ಬಂದರು. ನನಗಿಂತ ಚಿಕ್ಕವರು, ಕೂದಲು ಎತ್ತಿ ಕಟ್ಟಿದ್ದರು, ಕಾಲಲ್ಲಿ ಓಡಾಟದ ಬೂಟು. ಮಂಚದ ಅಂಚಿಗೇ ಕೂತುಬಿಟ್ಟರು. ಮಾತೆಲ್ಲ ಮರಾಠಿಯಲ್ಲೇ ಆಯಿತು. ನನ್ನ ಭಾಷೆಗೆ ತಿರುಗಿಸಿ ಬರೆಯುತ್ತಿದ್ದೇನೆ.

ಮುಟ್ಟು ಹೇಗೆ ಬರುತ್ತಿತ್ತು, ಯಾವಾಗ ಕೆಟ್ಟಿತು, ಗಡ್ಡೆ ಬೀಳುತ್ತದೆಯೇ, ನೋವಿದೆಯೇ, ಗಂಡನ ಜೊತೆ ಇದ್ದ ಮೇಲೆ ರಕ್ತ ಬರುತ್ತದೆಯೇ, ಮೈ ದಪ್ಪವಾಗಿದೆಯೇ, ಕೂದಲು ಉದುರುತ್ತದೆಯೇ, ರಕ್ತ ತೆಳ್ಳಗೆ ಮಾಡುವ ಗುಳಿಗೆ ಏನಾದರೂ ತಿನ್ನುತ್ತೀರೇ, ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೇ. ಒಂದಾದ ಮೇಲೊಂದು ಕೇಳಿದರು. ಇಷ್ಟು ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೊನೆಗೆ, "ಚೀಲದ ಒಳಪದರದ ಚೂರು ತೆಗೆದು ತಪಾಸಣೆಗೆ ಕಳಿಸಿದ್ದರೇ?" ಎಂದರು.

"ಇಲ್ಲ."

"ಮತ್ತೆ ಕ್ಯಾನ್ಸರ್ ಎಂದು ಯಾರು ಹೇಳಿದ್ದು?"

"ಆಗುತ್ತದೆ ಎಂದರು. ನಮ್ಮವ್ವ ಹೀಗೇ ಸತ್ತಳು," ಎಂದೆ. ತಟ್ಟಿ, ಬಟ್ಟೆ, ವಾಸನೆ, ಎಲ್ಲ ಹೇಳಿದೆ. ಯಾರಿಗೂ ಹೇಳದ್ದನ್ನು ಪರಿಚಯವಿಲ್ಲದವರಿಗೆ ಹೇಳಿದೆ.

"ನಿಮ್ಮ ತಾಯಿಯದು ಚೀಲದ ಬಾಯಿಯ ಕ್ಯಾನ್ಸರ್ ಇದ್ದಿರಬಹುದು, ಈಗ ಹೇಳಲಾಗದು," ಅಂದರು. "ಅದರ ಪರೀಕ್ಷೆಯನ್ನೂ ಮಾಡುತ್ತೇನೆ. ಆದರೆ ರಕ್ತ ಹೋಗುವುದಕ್ಕೆ ಹತ್ತು ಕಾರಣ ಇರುತ್ತವೆ. ಒಳಗೆ ಗಂಟು ಬೆಳೆದಿರಬಹುದು, ಒಳಪದರದಲ್ಲಿ ಸಣ್ಣ ದುರ್ಮಾಂಸ ಜೋತಿರಬಹುದು. ಥೈರಾಯ್ಡ್ ಕೆಟ್ಟರೂ ಮುಟ್ಟು ಕೆಡುತ್ತದೆ. ನಿಮ್ಮ ವಯಸ್ಸಿನಲ್ಲಿ ತಿಂಗಳು ತಿಂಗಳು ತತ್ತಿ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಆಗ ಒಳಪದರ ದಪ್ಪವಾಗುತ್ತ ಹೋಗಿ, ಒಮ್ಮೆಲೇ ಕಳಚಿ ಸುರಿಯುತ್ತದೆ. ಕ್ಯಾನ್ಸರೂ ಇರಬಹುದು, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಯಾವುದು ಎಂದು ನೋಡದೆ ತೆಗೆಯುವುದು ಹೇಗೆ? ಹೆಚ್ಚಿನವಕ್ಕೆ ಗುಳಿಗೆ ಇದೆ, ಬೇರೆ ಉಪಾಯ ಇದೆ. ತೆಗೆಯುವುದು ಕೊನೆಯ ಮಾತು."

ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅವಳಿಗೆ ಮಾರ್ಕೆಟ್ಟಿನ ಮರಾಠಿ ಬರುತ್ತದೆ, ಡಾಕ್ಟರ ಮರಾಠಿ ಅರ್ಧಂಬರ್ಧ. "ಏನಂದ್ರು? ಏನಂದ್ರು?" ಎಂದು ನನ್ನ ಮೊಣಕೈ ತಟ್ಟುತ್ತಿದ್ದಳು. ಹೇಳಿದೆ. ಅವಳು ಸ್ವಲ್ಪ ಹೊತ್ತು ತನ್ನ ಬಳೆ ತಿರುವಿದಳು.

"ನಂದೂ ಹಿಂಗs ಇತ್ತು ಅಂತ ಹೇಳು. ಮಗ ಹುಟ್ಟಿ ಎರಡ್ ವರ್ಷಕ್ಕ ಭಾಳ ಹೋಗ್ತಿತ್ತು. ನಮ್ಮ ಕಡೀ ಪ್ಯಾಟ್ಯಾಗಿನ ಡಾಕ್ಟರ್ ಒಂದ್ ಫೋಟೋ ತಗದು, ಚೀಲ ಕೆಟ್ಟದ, ಕ್ಯಾನ್ಸರ್ ಆಗ್ತದ ಅಂದ. ತಗಸ್ದೆ. ಕೇಳು, ನನಗ ಗುಳಿಗಿ ಕೊಡಾಕ ಬರ್ತಿತ್ತೇನು?"

ನಾನು ಡಾಕ್ಟರಿಗೆ ಹೇಳಿದೆ. ಆಗ ವಯಸ್ಸೆಷ್ಟು ಎಂದು ಕೇಳಿದರು. ಮೂವತ್ತೂ ಆಗಿರಲಿಲ್ಲ ಎಂದೆ. ಅವರು ಅಕ್ಕನನ್ನು ಚೆನ್ನಾಗಿ ನೋಡಿದರು. ಬೆವರು ಬರುತ್ತದೆಯೇ, ಮೂಳೆ ನೋಯುತ್ತವೆಯೇ, ಎಂದಾದರೂ ಬಿದ್ದು ಮುರಿದಿದೆಯೇ ಎಂದು ಅವಳನ್ನೇ ಕೇಳಿದರು. ಮಣಿಕಟ್ಟು ಮುರಿದಿತ್ತು ಎಂದಳು ಅಕ್ಕ, ಬಕೆಟ್ಟು ಎತ್ತುವಾಗ ಜಾರಿ.

"ಅಂದಿನ ಕಾಗದ ನೋಡದೆ ನಾನು ಏನೂ ಖಚಿತ ಹೇಳಲಾರೆ," ಎಂದರು ಡಾಕ್ಟರ್ ನಿಧಾನವಾಗಿ. "ಆದರೆ ಆ ವಯಸ್ಸಿನಲ್ಲಿ ಮೊದಲು ಔಷಧಿ ಕೊಟ್ಟು ನೋಡಬೇಕಿತ್ತು. ಚೀಲದ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ ಮೈ ಅಂದೇ ಮುಪ್ಪಿಗೆ ಬಿದ್ದಂತೆ. ಈ ಬೆವರು, ಮೂಳೆ ಸವೆಯುವುದು ಅದರಿಂದಲೇ ಇರಬಹುದು. ನಿಮ್ಮ ಅಕ್ಕನಿಗೂ ಪರೀಕ್ಷೆ ಮಾಡೋಣ."

"ಏನಂದ್ರು?" ಎಂದಳು ಅಕ್ಕ.

ಆ ಗಳಿಗೆಯಲ್ಲಿ ಸುಳ್ಳು ಹೇಳಿಬಿಡುವುದು ಸುಲಭವಿತ್ತು. ಏನಿಲ್ಲ, ಆಗ ಗುಳಿಗೆ ಇರಲಿಲ್ಲವಂತೆ ಎಂದರೆ ಮುಗಿಯುತ್ತಿತ್ತು. ಆದರೆ ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಹೇಳಿದೆ, ಒಂದಕ್ಷರ ಬಿಡದೆ.

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಾ ಒಂದ್ ಹೆಣ್ಣು ಹಡೀಬೇಕಂತಿದ್ದೆ," ಅಂದಳು. ಡಾಕ್ಟರಿಗೆ ಅದು ಅರ್ಥವಾಗಲಿಲ್ಲ, ನಾನೂ ತಿರುಗಿಸಿ ಹೇಳಲಿಲ್ಲ. ಆಮೇಲೆ ಅಕ್ಕ ಎದ್ದು, ನೀರು ತರುತ್ತೇನೆ ಎಂದು ಹೋದವಳು ವಾರ್ಡಿಗೆ ತಿರುಗಿ ಬರಲಿಲ್ಲ. ನೀರಿನ ಬಾಟಲಿಯನ್ನು ಯಾರದೋ ಕೈಯಲ್ಲಿ ಕಳಿಸಿದ್ದಳು.

ಮುಂದಿನ ಕೆಲವು ದಿನ ಅವಳು ಫೋನ್ ಎತ್ತಲಿಲ್ಲ. ನನಗೆ ಎರಡು ಹೆದರಿಕೆ ಕೂಡಿದವು. ನನ್ನೊಳಗೆ ಏನಿದೆಯೋ ಎಂಬುದು ಒಂದು. ಇಷ್ಟು ವರ್ಷ ನೆಮ್ಮದಿ ಎಂದು ನಂಬಿಕೊಂಡಿದ್ದುದನ್ನು ಅವಳಿಂದ ಕಿತ್ತುಕೊಂಡೆನಲ್ಲ, ಅವಳು ಏನಾದರೂ ಮಾಡಿಕೊಂಡಾಳೇ ಎಂಬುದು ಇನ್ನೊಂದು. ಯಜಮಾನರನ್ನು ಅವಳ ಖೋಲಿಗೆ ಕಳಿಸಿದೆ. ಅವರು ಬಂದು, "ಕೆಲಸಕ್ಕ ಹೊಂಟಿದ್ಳು. ಆರಾಮ ಅದಾಳ. ಮಾತಾಡ್ಲಿಲ್ಲ," ಅಂದರು.

ಗುಳಿಗೆಗಳಿಂದ ರಕ್ತ ಕಡಿಮೆಯಾಗಿತ್ತು. ದುರ್ಬೀನು ಹಾಕಿ ಒಳಗೆ ನೋಡುವ ದಿನ ಗೊತ್ತುಮಾಡಿದರು. ಆ ದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಹಸಿರು ಗೌನು ತೊಟ್ಟು ಬೆಂಚಿನ ಮೇಲೆ ಕೂತಿದ್ದಾಗ ಅಕ್ಕ ಬಂದಳು. ಮೈಲಾರಲಿಂಗನ ಜೇಜುರಿಗೆ ಹೋಗಿ ಬಂದಿದ್ದಳು. ಬೈತಲೆಯಲ್ಲಿ, ಕಿವಿಯ ಹಿಂದೆ, ಕುಪ್ಪಸದ ಮಡಿಕೆಗಳಲ್ಲಿ ಇನ್ನೂ ಅರಿಶಿನದ ಪುಡಿ ಇತ್ತು. ಕಾಗದದ ಪೊಟ್ಟಣ ಬಿಚ್ಚಿ ಭಂಡಾರ ತೆಗೆದಳು.

"ಬ್ಯಾಡ ಅಕ್ಕ, ನಾ ಇನ್ನೂ ಮುಟ್ಟಿನ್ಯಾಗ ಅದೀನಿ," ಎಂದು ಹಿಂದೆ ಸರಿದೆ.

"ನಿಂದು ನಿಂತು ನೀ ಮಡಿ ಆಗೂತನಾ ಕಾಯ್ಲೇನು? ಅವಂಗs ಗೊತ್ತದ," ಎಂದು ಹಣೆಗೆ ಒತ್ತಿಯೇಬಿಟ್ಟಳು. ನರ್ಸು ಬೈದು ಒದ್ದೆ ಹತ್ತಿಯಿಂದ ಒರೆಸಿ ಒಳಗೆ ಕರೆದೊಯ್ದಳು.

ಅರಿವಳಿಕೆಯ ಇಂಜೆಕ್ಷನ್ ಕೊಡುವಾಗ ಮಗಳ ಹೆಸರು ಹೇಳಿಕೊಂಡೆ. ಎಚ್ಚರಾದಾಗ ಹೊಟ್ಟೆಯ ಕೆಳಗೆ ಹಿಂಡಿದಂಥ ನೋವು. ಒಳಗೆ ಒಂದು ದುರ್ಮಾಂಸ ಇತ್ತು, ತೆಗೆದಿದ್ದೇವೆ; ಒಳಪದರದ ಚೂರನ್ನೂ ತೆಗೆದು ತಪಾಸಣೆಗೆ ಕಳಿಸಿದ್ದೇವೆ, ಕಾಯಬೇಕು ಎಂದರು.

ಕಾಯುವುದು ಆ ರಕ್ತಕ್ಕಿಂತ ಕೆಟ್ಟದ್ದಾಗಿತ್ತು. ಮಗಳು ಕನ್ನಡಿಯ ಮುಂದೆ ನಿಂತು ಕೂದಲು ಬಾಚುತ್ತಿದ್ದರೆ, ನಾನು ಹೋದಾಗ ನನಗಿದ್ದ ವಯಸ್ಸಿಗಿಂತ ಇವಳು ದೊಡ್ಡವಳು, ಹೇಗೋ ಬದುಕುತ್ತಾಳೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಗೊತ್ತಾಗುತ್ತಿತ್ತು: ಹೋದವಳು ಅವ್ವ, ನಾನಲ್ಲ. ತಲೆಯಲ್ಲಿ ಇಬ್ಬರೂ ಕಲೆಸಿಹೋಗಿದ್ದೆವು. ಯಜಮಾನರು ಹಾಸಿಗೆಯ ಹೊದಿಕೆಗಳನ್ನು ತಾವೇ ಒಗೆಯತೊಡಗಿದ್ದರು. ನಾನು ಬೇಡ ಎಂದು ಬಕೆಟ್ ಎಳೆದುಕೊಂಡಾಗ, "ತಣ್ಣೀರಾಗs ತೊಯ್ಸಬೇಕಂತ. ಬಿಸಿನೀರ್ ಹಾಕಿದ್ರ ಕಲಿ ಕೂಡ್ತದಂತ," ಎಂದು ಗಂಭೀರವಾಗಿ ಹೇಳಿದರು. ಎಲ್ಲಿ ಕಲಿತರೋ. ನನ್ನ ರಕ್ತ ಕಂಡು ಅವರ ಮುಖದಲ್ಲಿ ಅಸಹ್ಯ ಬರುತ್ತದೆಯೇ ಎಂದು ಕಳ್ಳತನದಿಂದ ನೋಡಿದೆ. ಅವರು ಸಾಬೂನು ತಿಕ್ಕುತ್ತಿದ್ದರು, ಅಷ್ಟೇ. ಅಂದು ರಿಕ್ಷಾದಲ್ಲಿ ನಾನು ದೂರ ಸರಿದು ಕೂತದ್ದು ಯಾಕೆಂದು ಆಗ ಅವರಿಗೆ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

ರಿಪೋರ್ಟ್ ಬಂದ ದಿನ ಅಕ್ಕ, ನಾನು, ಯಜಮಾನರು ಮೂವರೂ ಹೋದೆವು. ಡಾಕ್ಟರ್ ಬಾಗಿಲಲ್ಲೇ ನಮ್ಮ ಮುಖ ನೋಡಿ, ಕೂರುವ ಮೊದಲೇ, "ಕ್ಯಾನ್ಸರ್ ನಾಹೀಯೆ," ಅಂದರು. ಅಕ್ಕನಿಗೆ ಅಷ್ಟು ಮರಾಠಿ ಸಾಕಿತ್ತು. ಅವಳು ಎರಡೂ ಕೈ ಎತ್ತಿ ಡಾಕ್ಟರ ಮುಖ ಸವರಿ ನೆಟಿಕೆ ಮುರಿದಳು. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಕುರ್ಚಿ ಎಳೆದು ಕೂತೆ.

ಒಳಪದರ ದಪ್ಪವಾಗಿತ್ತು. ಅದು ಇವತ್ತು ಕ್ಯಾನ್ಸರ್ ಅಲ್ಲ, ಹೆಚ್ಚಾಗಿ ಔಷಧಿಗೆ ಸರಿಹೋಗುವ ತರಹದ್ದು. ಆದರೆ ಗಮನಿಸದೆ ವರ್ಷಗಟ್ಟಲೆ ಬಿಟ್ಟರೆ ಕೆಡಲೂಬಹುದು ಎಂದರು. ಥೈರಾಯ್ಡೂ ಮಂದವಾಗಿತ್ತು. ಅದಕ್ಕೆ ದಿನಾ ಒಂದು ಗುಳಿಗೆ. ಕಬ್ಬಿಣದಂಶ ಸಲೈನಿನಲ್ಲಿ. ಚೀಲದೊಳಗೆ ಒಂದು ಸಣ್ಣ ಸಾಧನ ಇಡುತ್ತೇವೆ, ನೋಡಲು ಕಾಪರ್ ಟಿಯಂತೆಯೇ ಇರುತ್ತದೆ, ಅದು ಸ್ವಲ್ಪ ಸ್ವಲ್ಪವೇ ಹಾರ್ಮೋನು ಬಿಡುತ್ತ ಒಳಪದರವನ್ನು ತೆಳ್ಳಗೆ ಮಾಡುತ್ತದೆ. ಕೆಲವು ತಿಂಗಳು ಬಿಟ್ಟು ಮತ್ತೆ ಚೂರು ತೆಗೆದು ನೋಡುತ್ತೇವೆ ಎಂದರು.

ಒಳಗೆ ಏನೋ ಇಟ್ಟುಕೊಳ್ಳಬೇಕು ಎಂದಾಗ ಮತ್ತೆ ಅಂಜಿದೆ. ಅದು ಜಾರಿ ಹೊಟ್ಟೆಗೆ ಏರಿದರೆ? ಅದರಿಂದಲೇ ಗಂಟಾದರೆ? ಅಕ್ಕ ನನ್ನ ತೊಡೆ ಜಿಗುಟಿ, "ಇಡಿಸ್ಕೋ. ಇಡಾಕ ನಿನ್ನ ಹಂತ್ಯಾಕ ಚೀಲರ ಅದ," ಅಂದಳು. ಅವಳು ಅದನ್ನು ಕಹಿಯಾಗಿ ಹೇಳಲಿಲ್ಲ. ನನಗೇ ತಡೆಯಲಾಗಲಿಲ್ಲ. ಅಷ್ಟು ದಿನ ಬಾರದ ಅಳು ಅಲ್ಲೇ, ಡಾಕ್ಟರ ಮೇಜಿನ ಮುಂದೆಯೇ ಬಂತು.

ಸಾಧನ ಇಡಿಸಿಕೊಂಡ ಮೊದಲ ತಿಂಗಳುಗಳಲ್ಲಿ ದಿನಾ ಒಂದಿಷ್ಟು ಕಲೆ ಕಾಣುತ್ತಿತ್ತು. ಹಾಗಾಗುತ್ತದೆ ಎಂದು ಹೇಳಿಯೇ ಕಳಿಸಿದ್ದರು. ಆದರೂ ಪ್ರತಿ ಕಲೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಆಮೇಲೆ ನಿಧಾನವಾಗಿ ಕಡಿಮೆಯಾಯಿತು, ಮುಟ್ಟು ಬಂದದ್ದೇ ಗೊತ್ತಾಗದಷ್ಟು. ಮತ್ತೆ ತೆಗೆದ ಚೂರಿನಲ್ಲಿ ಒಳಪದರ ಸರಿಹೋಗಿದೆ ಎಂದು ಬಂತು. ಚೀಲದ ಬಾಯಿಯ ಪರೀಕ್ಷೆಯಲ್ಲೂ ಏನೂ ಇರಲಿಲ್ಲ.

ಅಕ್ಕನ ಸೋನೋಗ್ರಫಿಯೂ ಆಯಿತು. ಅಂಡಾಶಯಗಳು ಎಲ್ಲೂ ಕಾಣಲಿಲ್ಲ. ಮೂಳೆ ಬಹಳ ಸವೆದಿವೆ ಎಂದು ಗುಳಿಗೆ ಕೊಟ್ಟರು, ಭಾರ ಹೊರಬಾರದು ಎಂದರು. ಒಂದು ವಾರ ಅವಳು ಊರಿನ ಆ ಡಾಕ್ಟರನ್ನು ಬೈದಳು, ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ ಗಂಡನನ್ನು ಬೈದಳು. ಗಂಡ ಪಾಪ, "ನನಗೇನ್ ಗೊತ್ತಿತ್ತ ಮಾರಾಯ್ತಿ, ನೀ ಸಾಯ್ತಿ ಅಂದ್ರು, ಒತ್ತಿದೆ," ಎಂದು ಅಳುತ್ತ ಕೂತನಂತೆ. ಅವನೂ ಹೆದರಿದ್ದ. ಈಗ ಅಕ್ಕ ಇಟ್ಟಿಗೆ ಹೊರುವುದಿಲ್ಲ. ಕಟ್ಟಡದ ಕೆಲಸಗಾರರ ಕೂಸುಗಳನ್ನು ಹಗಲಲ್ಲಿ ನೋಡಿಕೊಳ್ಳುವ ಕಡೆ ಅಡುಗೆ ಮಾಡುತ್ತಾಳೆ.

ಕಳೆದ ದೀಪಾವಳಿಯ ಹೊತ್ತಿಗೆ ಅವಳ ಪಕ್ಕದ ಖೋಲಿಯ ಹೆಂಗಸಿಗೆ ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿತು. ಆಕೆ, ಹರೆಯ ತಿರುಗಿ ಬಂತು ಎಂದು ನಕ್ಕಳಂತೆ. ಅಕ್ಕ ನಗಲಿಲ್ಲ. ನಿಂತ ಮೇಲೆ ಒಂದು ಹನಿ ಕಂಡರೂ ತಡ ಮಾಡಬಾರದು ಎಂದು ನಮ್ಮ ಡಾಕ್ಟರ್ ಹೇಳಿದ್ದು ಅವಳಿಗೆ ನೆನಪಿತ್ತು. ಕೈ ಹಿಡಿದು ಎಳೆದುಕೊಂಡೇ ಆ ಆಸ್ಪತ್ರೆಗೆ ಕರೆದೊಯ್ದಳು. ಚೂರು ತೆಗೆದು ನೋಡಿದರು. ಆಕೆಯದು ಕ್ಯಾನ್ಸರೇ ಆಗಿತ್ತು, ಆದರೆ ಚೀಲ ದಾಟಿರಲಿಲ್ಲ. ಆಪರೇಷನ್ ಮಾಡಿ ತೆಗೆದರು.

ಆಪರೇಷನ್ ದಿನ ಶಾಲೆ ಮುಗಿಸಿ ನಾನೂ ಹೋದೆ. ಥಿಯೇಟರಿನ ಹೊರಗೆ ಅಕ್ಕ ಆ ಹೆಂಗಸಿನ ಚಪ್ಪಲಿ, ಕೊರಳ ಸರ, ಹಲ್ಲಿನ ಸೆಟ್ಟು ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ, "ತಗಸ್ರಿ ಅಂತ ನೀನs ಹೇಳಿದ್ಯಂತಲ್ಲ?"

"ಹೌದು ಮತ್ತ. ನೋಡಿ ಹೇಳ್ಯಾರಲ್ಲ, ಇಕೀದು ತಗೀಲೇಬೇಕಿತ್ತು," ಅಂದಳು. ಆಮೇಲೆ ದನಿ ಇಳಿಸಿ, "ಅವ್ವಂದೂ ಯಾರರ ನೋಡಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ನನಗೆ ಈ ತಿಂಗಳ ಕೊನೆಗೆ ಮತ್ತೆ ತಪಾಸಣೆ ಇದೆ. ಎಲ್ಲ ಸರಿಯಿದ್ದೀತು ಎಂದು ಗೊತ್ತಿದ್ದರೂ ಈಗಿನಿಂದಲೇ ಊಟ ರುಚಿಸುತ್ತಿಲ್ಲ. ಅಕ್ಕ ರಜೆ ಕೇಳಿದ್ದಾಳೆ, ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರುತ್ತೇನೆ, ನೀ ಏನೂ ಕಟ್ಟಿಕೊಂಡು ಬರಬೇಡ, ರೊಟ್ಟಿ ನಾನೇ ತರುತ್ತೇನೆ ಎಂದಿದ್ದಾಳೆ.